ಕೇಳಿದ ಹಾಡಿಗೆ ಹೆಸರು ಹುಡುಕುವ ಫೋನು

ಮಾತು ಆರಂಭಿಸುವ ಮೊದಲು ಈ ಸಭಾಂಗಣದ ಧ್ವನಿವರ್ಧಕದಲ್ಲಿ ಹದಿನೈದು ಸೆಕೆಂಡುಗಳಷ್ಟು ವಾದ್ಯಸಂಗೀತವನ್ನು ಹಾಕಿಸಿದೆ. ಅದರಲ್ಲಿ ಸಾಹಿತ್ಯವಿರಲಿಲ್ಲ, ಹಾಡುವ ದನಿಯೂ ಇರಲಿಲ್ಲ. ಕೇಳಿದವರಲ್ಲಿ ಹಲವರು ತಲೆದೂಗಿದಿರಿ. ಇದನ್ನು ಎಲ್ಲೋ ಕೇಳಿದ್ದೇನೆ ಎಂದು ಇಬ್ಬರು ಮೂವರು ಪಕ್ಕದವರಿಗೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು. ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಆ ತುಣುಕಿನ ಹೆಸರನ್ನು ಹುಡುಕಬೇಕೆಂದರೆ ನೀವು ಎಲ್ಲಿಂದ ಶುರುಮಾಡುತ್ತೀರಿ? ನಿಘಂಟಿನಲ್ಲಿ ಪದವನ್ನು ಹುಡುಕಲು ಅದರ ಮೊದಲ ಅಕ್ಷರ ಗೊತ್ತಿದ್ದರೆ ಸಾಕು. ಪದ್ಯದ ಒಂದು ಸಾಲು ನೆನಪಿದ್ದರೆ ಇಡೀ ಪದ್ಯ ಸಿಗುತ್ತದೆ. ಆದರೆ ನಾದಕ್ಕೆ ಅಕ್ಷರವಿಲ್ಲ. ಕೇಳಿದ ಕ್ಷಣದಲ್ಲಿ ಅದು ನಿಚ್ಚಳವಾಗಿ ನಮ್ಮೆದುರು ಇರುತ್ತದೆ, ಮರುಕ್ಷಣ ಹೋಗಿಬಿಟ್ಟಿರುತ್ತದೆ, ಮತ್ತೆ ಕರೆಯೋಣವೆಂದರೆ ಕರೆಯಲು ಹೆಸರಿಲ್ಲ.

ಬರಹವನ್ನು ಬರಹದಿಂದಲೇ ಹುಡುಕುವುದು ನಮಗೆ ಬಹುಕಾಲದಿಂದ ಸಾಧ್ಯವಾಗಿದೆ. ನಾದವನ್ನು ನಾದದಿಂದಲೇ ಹುಡುಕುವುದು ಸಾಧ್ಯವಾದದ್ದು ಈಚೆಗೆ, ನಮ್ಮ ಕಣ್ಣೆದುರಿಗೇ. ಫೋನಿನಲ್ಲಿ ಹಾಡು ಗುರುತಿಸುವ ಆ್ಯಪ್‌ಗಳನ್ನು ನಾನು ನೋಡುವುದು ಈ ದೃಷ್ಟಿಯಿಂದ. ಅವು ಮನರಂಜನೆಯ ಸಣ್ಣ ಸೌಲಭ್ಯವೆಂದು ಅನೇಕರು ಭಾವಿಸುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಅವುಗಳ ಉಪಯೋಗ ದೊಡ್ಡದು. ಆದರೆ ಅವು ನಿಜವಾಗಿ ಗುರುತಿಸುವುದು ಏನನ್ನು ಎಂಬುದು ತಿಳಿದವರಿಗೆ ಮಾತ್ರ ಆ ಉಪಯೋಗ ಪೂರ್ತಿಯಾಗಿ ಸಿಗುತ್ತದೆ. ಇಂದಿನ ನನ್ನ ಮಾತೆಲ್ಲ ಇದೊಂದೇ ವಿಷಯದ ಸುತ್ತ ಇರುತ್ತದೆ.

ಮೊದಲು ಜನ ಏನು ಮಾಡುತ್ತಿದ್ದರು ಎಂಬುದನ್ನು ನೆನೆಯಬೇಕು. ತಿಳಿದವರ ಮುಂದೆ ಗುನುಗುತ್ತಿದ್ದರು. ರೇಡಿಯೊದಲ್ಲಿ ಹಾಡು ಮುಗಿದ ಮೇಲೆ ನಿರೂಪಕರು ಹೆಸರು ಹೇಳುವರೆಂದು ಕೆಲಸ ಬಿಟ್ಟು ಕಾಯುತ್ತಿದ್ದರು. ನಾದಕ್ಕೂ ಒಂದು ನಿಘಂಟು ಮಾಡಬಹುದೆಂದು ಹಟ ತೊಟ್ಟವರೂ ಇದ್ದರು. 1975ರಲ್ಲಿ ಡೆನಿಸ್ ಪಾರ್ಸನ್ಸ್ ಎಂಬವರು ರಾಗಧಾಟಿಗಳ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಸಂಗೀತದ ಲಿಪಿ ಬಾರದವರೂ ಅದನ್ನು ಬಳಸಬಹುದಾಗಿತ್ತು. ಮೊದಲ ಸ್ವರವನ್ನು ಬಿಟ್ಟು, ಮುಂದಿನ ಪ್ರತಿ ಸ್ವರವೂ ಹಿಂದಿನದಕ್ಕಿಂತ ಮೇಲಿದೆಯೇ, ಕೆಳಗಿದೆಯೇ, ಅಷ್ಟಕ್ಕೇ ನಿಂತಿದೆಯೇ ಎಂದಷ್ಟೇ ಬರೆದುಕೊಳ್ಳಬೇಕು. ಸ, ಸ, ರಿ, ಗ, ರಿ, ಸ ಎಂದು ಹಾಡಿಕೊಂಡರೆ ಬರೆಯಬೇಕಾದ್ದು ಸಮ, ಏರು, ಏರು, ಇಳಿ, ಇಳಿ. ಹೀಗೆ ಹತ್ತು ಹದಿನೈದು ಸ್ವರಗಳ ಏರಿಳಿತವನ್ನು ಬರೆದು ಕೈಪಿಡಿಯಲ್ಲಿ ಅಕಾರಾದಿಯಾಗಿ ಹುಡುಕಿದರೆ ಕೃತಿಯ ಹೆಸರು ಸಿಗುತ್ತಿತ್ತು. ಸ್ವರದ ನಿಖರ ಅಂತರವನ್ನೂ ತಾಳವನ್ನೂ ಪೂರ್ತಿ ಕೈಬಿಟ್ಟರೂ ಏರಿಳಿತವೊಂದೇ ಅಷ್ಟು ಕೃತಿಗಳನ್ನು ಬೇರ್ಪಡಿಸಬಲ್ಲದು ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಆದರೆ ಕೇಳುವವನು ನೆನಪಿನಿಂದ ತಪ್ಪಿಲ್ಲದೆ ಗುನುಗಬಲ್ಲವನಾಗಿರಬೇಕಿತ್ತು, ಜೊತೆಗೆ ಪುಸ್ತಕ ಕೈಯಲ್ಲಿರಬೇಕಿತ್ತು.

ಫೋನು ಈ ಕೆಲಸಕ್ಕೆ ಬಂದದ್ದು ಸ್ಮಾರ್ಟ್‌ಫೋನ್ ಹುಟ್ಟುವುದಕ್ಕಿಂತ ಮೊದಲು. ಕ್ರಿಸ್ ಬಾರ್ಟನ್, ಫಿಲಿಪ್ ಇಂಗೆಲ್‌ಬ್ರೆಕ್ಟ್, ಆವರಿ ವಾಂಗ್ ಮತ್ತು ಧೀರಜ್ ಮುಖರ್ಜಿ ಎಂಬ ನಾಲ್ವರು 1999ರಲ್ಲಿ ಕಟ್ಟಿದ ಶಜಾಮ್ ಸಂಸ್ಥೆ 2002ರಲ್ಲಿ ಬ್ರಿಟನ್ನಿನಲ್ಲಿ ಒಂದು ಸೇವೆಯನ್ನು ತೆರೆಯಿತು. ಸಾಧಾರಣ ಮೊಬೈಲಿನಿಂದ 2580 ಸಂಖ್ಯೆಗೆ ಕರೆ ಮಾಡಿ, ಫೋನನ್ನು ಹಾಡು ಬರುತ್ತಿರುವ ಕಡೆಗೆ ಹಿಡಿಯಬೇಕು. ಸ್ವಲ್ಪ ಹೊತ್ತಿನಲ್ಲಿ ಕರೆ ತಾನಾಗಿಯೇ ಕಡಿದುಹೋಗಿ, ಹಾಡಿನ ಮತ್ತು ಹಾಡಿದವರ ಹೆಸರು ಎಸ್‌ಎಂಎಸ್ ಆಗಿ ಬರುತ್ತಿತ್ತು. 2, 5, 8, 0 ಎಂಬವು ಕೀಲಿಮಣೆಯ ನಡುಸಾಲಿನಲ್ಲಿ ಮೇಲಿಂದ ಕೆಳಕ್ಕೆ ಇರುವ ಅಂಕಿಗಳಾದ್ದರಿಂದ ಕತ್ತಲಲ್ಲೂ ಬೆರಳು ದಾರಿ ತಪ್ಪುತ್ತಿರಲಿಲ್ಲ. ಅಂದಿನ ದೂರವಾಣಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ದಾಟಿಸುತ್ತಿತ್ತು. ಮನುಷ್ಯನ ಕಿವಿ 20,000 ಹರ್ಟ್ಸ್‌ವರೆಗೂ ಕೇಳಬಲ್ಲದು. ಮಾತಿಗೆಂದು ಹಿಂಡಿ ಹಿಪ್ಪೆಮಾಡಿದ ಆ ಕಿರಿದಾದ ನಾಳದೊಳಗೆ ತೂರಿ ಬಂದ ಸಂಗೀತವನ್ನು, ಅದೂ ಸುತ್ತಲಿನ ಜನರ ಗದ್ದಲದ ನಡುವೆ, ಯಂತ್ರವೊಂದು ಗುರುತಿಸಬೇಕಿತ್ತು. 2008ರಲ್ಲಿ ಐಫೋನಿನ ಆ್ಯಪ್ ಅಂಗಡಿ ತೆರೆದಾಗ ಅಲ್ಲಿದ್ದ ಮೊದಮೊದಲ ಆ್ಯಪ್‌ಗಳಲ್ಲಿ ಶಜಾಮ್ ಕೂಡ ಒಂದು. 2018ರಲ್ಲಿ ಅದನ್ನು ಆಪಲ್ ಸಂಸ್ಥೆ ಕೊಂಡುಕೊಂಡಿತು.

ಯಂತ್ರ ಇದನ್ನು ಹೇಗೆ ಮಾಡುತ್ತದೆ ಎಂಬುದನ್ನು ಆವರಿ ವಾಂಗ್ 2003ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಈ ಭಾಗವನ್ನು ನಾನು ತುಸು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಆ್ಯಪ್‌ನ ಶಕ್ತಿ, ಮಿತಿ ಎರಡೂ ಇಲ್ಲಿಯೇ ಅಡಗಿವೆ.

ಯಾವುದೇ ಧ್ವನಿಯನ್ನು ಅದರೊಳಗಿನ ಬೇರೆ ಬೇರೆ ಆವರ್ತನಗಳಾಗಿ, ಅಂದರೆ ಸೆಕೆಂಡಿಗೆ ಇಷ್ಟೆಂದು ಹರ್ಟ್ಸ್‌ನಲ್ಲಿ ಎಣಿಸುವ ಕಂಪನಗಳಾಗಿ ಬಿಡಿಸಬಹುದು. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಆವರ್ತನ, ಸದ್ದು ಜೋರಾಗಿರುವಲ್ಲಿ ಗಾಢ ಬಣ್ಣ, ಮೆಲ್ಲಗಿರುವಲ್ಲಿ ತೆಳು ಬಣ್ಣ ಎಂದು ಹಾಳೆಯ ಮೇಲೆ ಚಿತ್ರಿಸಿದರೆ ಹಾಡು ಒಂದು ಭೂಪಟದಂತೆ ಕಾಣುತ್ತದೆ. ಇದಕ್ಕೆ ಸ್ಪೆಕ್ಟ್ರೋಗ್ರಾಮ್ ಎನ್ನುತ್ತಾರೆ. ಆ್ಯಪ್ ಈ ಪಟದಲ್ಲಿ ಸುತ್ತಲಿನದಕ್ಕಿಂತ ಎದ್ದುಕಾಣುವ ತುದಿಗಳನ್ನು, ಅಂದರೆ ಶಿಖರಗಳನ್ನು ಮಾತ್ರ ಇಟ್ಟುಕೊಂಡು ಉಳಿದೆಲ್ಲವನ್ನೂ ಅಳಿಸಿಬಿಡುತ್ತದೆ. ಉಳಿಯುವುದು ಕಪ್ಪು ಆಕಾಶದಲ್ಲಿ ಚೆಲ್ಲಿದ ಚುಕ್ಕೆಗಳಂಥ ಒಂದು ನಕ್ಷೆ. ವಾಂಗ್ ಅದನ್ನು ನಕ್ಷತ್ರಪುಂಜದ ನಕ್ಷೆಯೆಂದೇ ಕರೆದರು. ಗದ್ದಲದಲ್ಲೂ ಹಾಡು ಸಿಗುವುದಕ್ಕೆ ಕಾರಣ ಇದು. ಜನರ ಮಾತು, ತಟ್ಟೆ ಲೋಟಗಳ ಸದ್ದು, ಎಂಜಿನ್ನಿನ ಗುಡುಗು ಪಟದ ತಗ್ಗುಗಳನ್ನು ತುಂಬಬಹುದು, ತಮ್ಮವೇ ಕೆಲವು ಹೊಸ ಚುಕ್ಕೆಗಳನ್ನು ಸೇರಿಸಬಹುದು. ಹಾಡಿನ ಅತಿ ಎತ್ತರದ ಶಿಖರಗಳನ್ನು ಅವು ಸುಲಭವಾಗಿ ಮುಳುಗಿಸಲಾರವು.

ಚುಕ್ಕೆ ಒಂಟಿಯಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಂಥ ಆವರ್ತನದ ಚುಕ್ಕೆ ಲಕ್ಷಾಂತರ ಹಾಡುಗಳಲ್ಲಿ ಇರುತ್ತದೆ. ಆದ್ದರಿಂದ ಚುಕ್ಕೆಗಳನ್ನು ಜೋಡಿ ಮಾಡುತ್ತಾರೆ: ಮೊದಲನೆಯದರ ಆವರ್ತನ, ಎರಡನೆಯದರ ಆವರ್ತನ, ಇವೆರಡರ ನಡುವಿನ ಸಮಯ. ಈ ಮೂರು ಸಂಖ್ಯೆಗಳು ಸೇರಿ ಒಂದು ಗುರುತಾಗುತ್ತವೆ. ಲೆಕ್ಕ ನೋಡಿ: ಒಂದು ಆವರ್ತನವನ್ನು 10 ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಕೂರುವ ಹತ್ತು ಮನೆಗಳಲ್ಲಿ ಬರೆದರೆ ಸಾಧ್ಯವಿರುವ ಗುರುತುಗಳು 1,024, ಮೂರು ಸಂಖ್ಯೆಗಳನ್ನೂ ತಲಾ 10 ಬಿಟ್‌ಗಳಲ್ಲಿ ಬರೆದರೆ 107 ಕೋಟಿಗೂ ಹೆಚ್ಚು. ಹುಡುಕಾಟದ ವೇಗವೆಲ್ಲ ಈ ಒಂದು ಹೆಜ್ಜೆಯಿಂದ ಬರುತ್ತದೆ. ಹಾಡೊಂದಕ್ಕೆ ಇಂಥ ಸಾವಿರಾರು ಗುರುತುಗಳು ಇರುತ್ತವೆ, ಅವೆಲ್ಲ ಸೇರಿದ್ದೇ ಅದರ ಬೆರಳಚ್ಚು.

ಕೊನೆಯ ಹೆಜ್ಜೆ ನನಗೆ ತುಂಬ ಇಷ್ಟವಾದದ್ದು. ನಿಮ್ಮ ಫೋನು ಕೇಳಿದ ತುಣುಕಿನ ಒಂದು ಗುರುತು ನಿಮ್ಮ ತುಣುಕಿನ 1ನೇ ಸೆಕೆಂಡಿನಲ್ಲಿದ್ದು, ಸೇವೆಯವರು ಮೊದಲೇ ಬೆರಳಚ್ಚು ತೆಗೆದಿಟ್ಟಿರುವ ಹಾಡುಗಳ ಭಂಡಾರದ ಒಂದು ಹಾಡಿನ 61ನೇ ಸೆಕೆಂಡಿನಲ್ಲೂ ಸಿಕ್ಕಿತೆಂದುಕೊಳ್ಳಿ. ಅದು ಆಕಸ್ಮಿಕವಿರಬಹುದು. ಇನ್ನೊಂದು ಗುರುತು ನಿಮ್ಮಲ್ಲಿ 4ನೇ ಸೆಕೆಂಡಿನಲ್ಲಿ, ಆ ಹಾಡಿನಲ್ಲಿ 64ನೆಯದರಲ್ಲಿ. ಮತ್ತೊಂದು 7ರಲ್ಲಿ, ಅಲ್ಲಿ 67ರಲ್ಲಿ. ಎಲ್ಲ ಕಡೆಯೂ ಅಂತರ 60 ಸೆಕೆಂಡುಗಳೇ. ಆಕಸ್ಮಿಕವಾಗಿ ಹೊಂದುವ ಗುರುತುಗಳ ಅಂತರ ಒಂದೊಂದು ಕಡೆ ಒಂದೊಂದು ಬಗೆಯಾಗಿ ಚೆದುರಿರುತ್ತದೆ. ನಿಜವಾಗಿ ಅದೇ ಹಾಡಾಗಿದ್ದರೆ ಮಾತ್ರ ಅವು ಒಂದೇ ಅಂತರದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ನೂರು ಗುರುತುಗಳಲ್ಲಿ ಹೆಚ್ಚಿನವು ಗದ್ದಲದಲ್ಲಿ ಕಳೆದುಹೋದರೂ, ಉಳಿದ ಕೆಲವೇ ಗುರುತುಗಳು ಸಾಲಾಗಿ ನಿಂತರೆ ತೀರ್ಪು ಖಚಿತ. ಹತ್ತು ಲಕ್ಷಕ್ಕೂ ಹೆಚ್ಚು ಹಾಡುಗಳಿದ್ದ ಭಂಡಾರದಲ್ಲಿ ಆ ಕಾಲಕ್ಕೇ ಇದು ಕೆಲಸ ಮಾಡುತ್ತಿತ್ತು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಈ ವಿಧಾನದಲ್ಲಿ ಎಲ್ಲಿಯೂ ಧಾಟಿಯ ಮಾತಿಲ್ಲ, ಸ್ವರದ ಮಾತಿಲ್ಲ, ತಾಳದ ಮಾತಿಲ್ಲ. ಇಲ್ಲಿ ಹೋಲಿಕೆಯಾಗುವುದು ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ಕೋಣೆಯಲ್ಲಿ, ನಿರ್ದಿಷ್ಟ ಜನ ಹಾಡಿ ನುಡಿಸಿ ಮುದ್ರಿಸಿದ ಧ್ವನಿಯ ಚುಕ್ಕೆಗಳು. ಅಂದರೆ ಆ್ಯಪ್ ಗುರುತಿಸುವುದು ಹಾಡನ್ನಲ್ಲ, ಧ್ವನಿಮುದ್ರಣವನ್ನು. ಅದೇ ಗಾಯಕಿ ಅದೇ ಹಾಡನ್ನು ಮರುದಿನ ಮತ್ತೆ ಹಾಡಿದರೆ, ನಮ್ಮ ಕಿವಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣದಿದ್ದರೂ ಯಂತ್ರಕ್ಕೆ ಅದು ಬೇರೆಯೇ ವಸ್ತು. ನೇರ ಕಛೇರಿಯಲ್ಲಿ ಫೋನು ಹಿಡಿದಾಗ ಹಾಡು ಗುರುತು ಸಿಕ್ಕಿತೆಂದರೆ, ವೇದಿಕೆಯ ಮೇಲೆ ಮೊದಲೇ ಮುದ್ರಿಸಿದ ಧ್ವನಿಯನ್ನು ಹಾಕಿ ತುಟಿ ಆಡಿಸುತ್ತಿರಬಹುದೆಂದು ವಾಂಗ್ ತಮ್ಮ ಪ್ರಬಂಧದಲ್ಲಿಯೇ ಸೂಚಿಸಿದ್ದಾರೆ.

ಧ್ವನಿಮುದ್ರಣದ ಗುರುತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2007ರ ಒಂದು ಪ್ರಸಂಗವಿದೆ. ಜಾಯ್ಸ್ ಹ್ಯಾಟೊ ಎಂಬ ಬ್ರಿಟಿಷ್ ಪಿಯಾನೊ ವಾದಕಿಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ಬಂದು ವಿಮರ್ಶಕರ ಮೆಚ್ಚುಗೆ ಪಡೆದಿದ್ದವು. ಅವರು ತೀರಿಕೊಂಡ ಮರುವರ್ಷ ಕೇಳುಗರೊಬ್ಬರು ಆ ಸಿ.ಡಿ.ಗಳಲ್ಲಿ ಒಂದನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಮೂಡಿದ್ದು ಲಾಸ್ಲೊ ಸಿಮೋನ್ ಎಂಬ ಬೇರೊಬ್ಬ ವಾದಕರ ಹೆಸರು. ಅಲ್ಲಿ ಕೆಲಸ ಮಾಡಿದ್ದು ಶಿಖರಗಳ ಬೆರಳಚ್ಚಲ್ಲ; ಸಿ.ಡಿ.ಯ ಭಾಗಗಳ ಉದ್ದವನ್ನು ಹೋಲಿಸುವ ಅದಕ್ಕಿಂತ ಸರಳವಾದ ಉಪಾಯ. ಆಮೇಲೆ ಧ್ವನಿತರಂಗಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅನೇಕ ಸಿ.ಡಿ.ಗಳು ಇತರ ಕಲಾವಿದರ ಮುದ್ರಣಗಳ ನಕಲೆಂದು ಬಯಲಾಯಿತು. ಅವನ್ನು ಹೊರತಂದಿದ್ದ ಅವರ ಪತಿ ಕೊನೆಗೆ ಒಪ್ಪಿಕೊಂಡರು. ನುರಿತ ಕಿವಿಗಳು ವರ್ಷಗಟ್ಟಲೆ ಕೇಳಿಯೂ ಹಿಡಿಯದ್ದನ್ನು ಹೋಲಿಕೆಯ ಯಂತ್ರ ಹಿಡಿಯಿತು. ಆ ಮುದ್ರಣಗಳನ್ನು ನಿಜವಾಗಿ ನುಡಿಸಿದವರಿಗೆ ಅವರ ಹೆಸರು ಮರಳಿ ಬಂತು ಎಂಬುದೇ ನನ್ನ ದೃಷ್ಟಿಯಲ್ಲಿ ಆ ಪ್ರಸಂಗದ ದೊಡ್ಡ ಫಲ.

ಮನುಷ್ಯನ ಕಿವಿ ಇದಕ್ಕೆ ತದ್ವಿರುದ್ಧ. ಮಗು ತೊದಲು ನುಡಿಯಲ್ಲಿ, ಯಾವುದೋ ಶ್ರುತಿಯಲ್ಲಿ, ಅರ್ಧ ಸಾಲು ಹಾಡಿದರೂ ಯಾವ ಹಾಡೆಂದು ತಾಯಿಗೆ ತಿಳಿಯುತ್ತದೆ. ನಮಗೆ ಮುಖ್ಯವಾದದ್ದು ಸ್ವರಗಳ ನಡುವಿನ ಸಂಬಂಧ. ಶ್ರುತಿ ಏರಲಿ ಇಳಿಯಲಿ, ಹಾಡು ಅದೇ ಹಾಡು. ಗುನುಗಿದ್ದನ್ನು ಗುರುತಿಸುವ ಯಂತ್ರ ಬೇಕೆಂದರೆ ಈ ಸಂಬಂಧವನ್ನು ಅದಕ್ಕೆ ಕಲಿಸಬೇಕು, ಅದು ಬೇರೆಯೇ ವಿದ್ಯೆ. ಮುಂದೆ ಸೌಂಡ್‌ಹೌಂಡ್ ಆದ ಮಿಡೋಮಿ ಎಂಬ ಸೇವೆ 2007ರಲ್ಲಿ ಈ ದಾರಿ ಹಿಡಿಯಿತು. 2020ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಆ್ಯಪ್‌ನಲ್ಲಿ ಹತ್ತು ಹದಿನೈದು ಸೆಕೆಂಡು ಗುನುಗಿದರೆ, ಶಿಳ್ಳೆ ಹಾಕಿದರೆ ಸಾಕು, ಹಾಡು ಹುಡುಕುವ ಏರ್ಪಾಟು ತಂದಿತು. ಅಲ್ಲಿ ಯಂತ್ರಕಲಿಕೆಯ, ಅಂದರೆ ಉದಾಹರಣೆಗಳಿಂದ ತಾನೇ ಕಲಿಯುವ ಮಾದರಿಯೊಂದು ವಾದ್ಯಗಳನ್ನೂ ದನಿಯ ಬಣ್ಣವನ್ನೂ ಕಳಚಿ ಧಾಟಿಯನ್ನಷ್ಟೇ ಸಂಖ್ಯೆಗಳ ಸಾಲಾಗಿ ಮಾರ್ಪಡಿಸಿಕೊಂಡು ಹೋಲಿಸುತ್ತದೆ. ಪಾರ್ಸನ್ಸ್ ಅವರ ಏರು, ಇಳಿ, ಸಮ ಎಂಬ ಕೈಬರಹದ ಹೊಳಹು ಇಲ್ಲಿ ಬೇರೊಂದು ಮೈ ತಳೆದು ಬಂದಿದೆ ಎಂದು ನಾನು ಭಾವಿಸುತ್ತೇನೆ. ಆದರೆ ಉತ್ತರ ಒಂದೇ ಆಗಿರುವುದಿಲ್ಲ. ಇದಿರಬಹುದು, ಅದಿರಬಹುದು ಎಂಬ ಪಟ್ಟಿ ಬರುತ್ತದೆ. ಆರಿಸಬೇಕಾದ್ದು ನಮ್ಮ ಕಿವಿಯೇ.

ಹೀಗೆ ಒಂದೇ ಫೋನಿನಲ್ಲಿ ಎರಡು ಬಗೆಯ ಗುರುತಿಸುವಿಕೆ ಇವೆ. ಹಾಡು ಈಗ, ಎದುರಿಗೇ, ಮುದ್ರಿತ ರೂಪದಲ್ಲಿ ಕೇಳಿಸುತ್ತಿದ್ದರೆ ಬೆರಳಚ್ಚಿನ ಆ್ಯಪ್ ಬೇಕು. ಹಾಡು ನಿಂತುಹೋಗಿ ತಲೆಯೊಳಗೆ ಮಾತ್ರ ಉಳಿದಿದ್ದರೆ ಗುನುಗನ್ನು ಕೇಳುವ ಆ್ಯಪ್ ಬೇಕು. ಇದನ್ನರಿಯದೆ ಮೊದಲನೆಯದರ ಮುಂದೆ ಗುನುಗಿ, ಇದಕ್ಕೆ ಏನೂ ಬರುವುದಿಲ್ಲ ಎಂದು ಬೇಸರಪಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ಉಪಯೋಗಗಳ ಮಾತಿಗೆ ಬರುವಾಗ ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆ ಉಳಿದುಕೊಂಡಿತ್ತು. ಅವುಗಳಲ್ಲಿ ಒಂದರ ಚೀಟಿ ಒದ್ದೆಯಾಗಿ ಶಾಯಿಯೆಲ್ಲ ಹರಡಿ, ಯಾವ ಅಕ್ಷರವೂ ಓದಲು ಬಾರದಂತಾಗಿತ್ತು. ಟೇಪು ಮಾತ್ರ ಚೆನ್ನಾಗಿತ್ತು, ಹನ್ನೊಂದು ಹಾಡುಗಳಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸ್ಪೀಕರಿನ ಮುಂದೆ ಫೋನು ಹಿಡಿದು ಆ್ಯಪ್‌ನ ಗುಂಡಿ ಒತ್ತಿದೆ. ಹಾಡು ಸಿಗಲಿಲ್ಲ ಎಂಬ ಉತ್ತರ ಬಂತು. ಎರಡನೆಯದೂ ಸಿಗಲಿಲ್ಲ, ಮೂರನೆಯದೂ ಸಿಗಲಿಲ್ಲ. ಇವು ಭಂಡಾರದಲ್ಲೇ ಇರಲಾರವು ಎಂದು ಕೈಚೆಲ್ಲುವ ಹೊತ್ತಿಗೆ, ಪಕ್ಕದಲ್ಲಿದ್ದ ತಂಬೂರಿಯ ಆ್ಯಪ್‌ನ ಶ್ರುತಿಗೆ ಹಾಡಿನ ಷಡ್ಜವನ್ನು ಹೊಂದಿಸಿ ನೋಡಿದೆ. ಅದು ಎರಡು ಸ್ವರಸ್ಥಾನಗಳ ನಡುವೆ, ಎಲ್ಲಿಯೂ ಸೇರದ ಜಾಗದಲ್ಲಿ ನಿಂತಿತ್ತು. ಹನ್ನೊಂದೂ ಹಾಡುಗಳಲ್ಲಿ ಹಾಗೆಯೇ ಇದ್ದುದರಿಂದ ಕಾರಣ ಹೊಳೆಯಿತು: ಟೇಪ್ ಓಡಿಸುವ ಯಂತ್ರ ತುಸು ವೇಗವಾಗಿ ತಿರುಗುತ್ತಿತ್ತು.

ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಆವರ್ತನದಲ್ಲಿ ಸುಮಾರು ಶೇ 6ರ ಅಂತರವಿದೆ. ಟೇಪು ಶೇ 3ರಷ್ಟು ವೇಗವಾಗಿ ಓಡಿದರೆ ಕೇಳುವವನಿಗೆ ಗೊತ್ತೇ ಆಗುವುದಿಲ್ಲ, ಹಾಡು ಕೊಂಚ ಚುರುಕಾಗಿದೆ ಎನ್ನಿಸೀತು ಅಷ್ಟೆ. ಆದರೆ ಬೆರಳಚ್ಚಿನ ಪ್ರತಿಯೊಂದು ಚುಕ್ಕೆಯೂ ಮೇಲಕ್ಕೆ ಜರುಗಿರುತ್ತದೆ, ಚುಕ್ಕೆಗಳ ನಡುವಿನ ಸಮಯ ಕುಗ್ಗಿರುತ್ತದೆ, ಮೂರು ಸಂಖ್ಯೆಗಳಲ್ಲಿ ಒಂದೂ ಹೊಂದುವುದಿಲ್ಲ. ಕಂಪ್ಯೂಟರಿನಲ್ಲಿ ವೇಗವನ್ನು ಶೇ 1ರಷ್ಟು ತಗ್ಗಿಸಿದೆ, ಸಿಗಲಿಲ್ಲ. ಶೇ 2, ಸಿಗಲಿಲ್ಲ. ಶೇ 3ಕ್ಕೆ ಬಂದಾಗ ಆರೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಹೆಸರು ಮೂಡಿತು. ಆ ಸಂಜೆ ಹನ್ನೊಂದರಲ್ಲಿ ಎಂಟು ಹಾಡುಗಳಿಗೆ ಹೆಸರು ಸಿಕ್ಕಿತು. ಇಪ್ಪತ್ತು ವರ್ಷಗಳಿಂದ ಹೆಸರಿಲ್ಲದೆ ಕೇಳುತ್ತಿದ್ದ ದನಿಗೆ ಒಬ್ಬ ಗಾಯಕಿಯ ಹೆಸರು ಬಂದಾಗ, ಅವರ ಬೇರೆ ಮುದ್ರಣಗಳೂ ಇವೆಯೆಂದು ತಿಳಿದಾಗ ಆದ ಸಂತೋಷವನ್ನು ನಾನು ಇಲ್ಲಿ ವರ್ಣಿಸಲು ಹೋಗುವುದಿಲ್ಲ. ಹೆಸರು ಸಿಕ್ಕರೆ ಹುಡುಕಾಟ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ ಎಂಬುದು ಮಾತ್ರ ಅಂದು ನನಗೆ ಮನವರಿಕೆಯಾಯಿತು.

ಭಾಷೆ ಬಾರದ ಹಾಡಿನ ವಿಷಯದಲ್ಲಿ ಈ ಆ್ಯಪ್‌ಗಳಿಗೆ ಬದಲಿಯೇ ಇಲ್ಲ. ಸಾಹಿತ್ಯದ ಒಂದು ಸಾಲನ್ನು ಬರೆದು ಅಂತರ್ಜಾಲದಲ್ಲಿ ಹುಡುಕುವುದು ನಮಗೆ ಗೊತ್ತಿರುವ ಭಾಷೆಗೆ ಸರಿ. ಗೊತ್ತಿಲ್ಲದ ಭಾಷೆಯಲ್ಲಿ ಎಲ್ಲಿ ಪದ ಮುಗಿಯಿತು, ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ. ಬರೆಯುವುದಾದರೂ ಯಾವ ಲಿಪಿಯಲ್ಲಿ? ಬೆರಳಚ್ಚಿಗೆ ಭಾಷೆಯ ಹಂಗಿಲ್ಲ. ವಾದ್ಯಸಂಗೀತದ ಮಾತು ಆಗಲೇ ಬಂದಿದೆ. ನೃತ್ಯ ಸಂಯೋಜಿಸುವವರು, ನಾಟಕಕ್ಕೆ ಹಿನ್ನೆಲೆ ಸಂಗೀತ ಆರಿಸುವವರು, ಸಂಗೀತ ಕಲಿಯುತ್ತಿರುವವರು ಒಂದೇ ಕೃತಿಯ ಯಾವ ಮುದ್ರಣ ತಮಗೆ ಬೇಕೆಂಬುದನ್ನು ನಿಖರವಾಗಿ ಹೇಳಬೇಕಾಗುತ್ತದೆ. ಹಾಡನ್ನಲ್ಲ, ಮುದ್ರಣವನ್ನು ಗುರುತಿಸುತ್ತದೆ ಎಂಬ ಮಿತಿಯೇ ಅವರ ಪಾಲಿಗೆ ವರವಾಗುತ್ತದೆ.

ವಿಡಿಯೊ ಮಾಡಿ ಹಂಚುವವರಿಗೆ ಇನ್ನೊಂದು ಕಾರಣವಿದೆ. ಯೂಟ್ಯೂಬ್ 2007ರಿಂದ ಕಂಟೆಂಟ್ ಐಡಿ ಎಂಬ ಏರ್ಪಾಟಿನ ಮೂಲಕ, ಏರಿಸಿದ ವಿಡಿಯೊಗಳ ಧ್ವನಿಯನ್ನು ಹಕ್ಕುದಾರರು ಕೊಟ್ಟ ಮುದ್ರಣಗಳ ಬೆರಳಚ್ಚಿನೊಂದಿಗೆ ಹೋಲಿಸುತ್ತದೆ. ಎಲ್ಲಿಂದಲೋ ಸಿಕ್ಕ ಹಿನ್ನೆಲೆ ಸಂಗೀತವನ್ನು ವಿಡಿಯೊಗೆ ಅಂಟಿಸುವ ಮೊದಲು ಫೋನಿಗೆ ಒಮ್ಮೆ ಕೇಳಿಸಿದರೆ ಅದು ಯಾರದ್ದೆಂದು ತಿಳಿಯುತ್ತದೆ, ಅನುಮತಿ ಕೇಳಲು ದಾರಿಯಾಗುತ್ತದೆ. ರೇಡಿಯೊ ವಾಹಿನಿಗಳಲ್ಲಿ ಯಾವ ಮುದ್ರಣ ಎಷ್ಟು ಬಾರಿ ಪ್ರಸಾರವಾಯಿತು ಎಂದು ಎಣಿಸಿ ಕಲಾವಿದರಿಗೆ ಗೌರವಧನ ಲೆಕ್ಕಹಾಕಲೂ ಇದೇ ತಂತ್ರಜ್ಞಾನ ಬಳಕೆಯಾಗುತ್ತಿದೆ. ಇದು ನಮ್ಮ ಕಣ್ಣಿಗೆ ಕಾಣದ ಉಪಯೋಗ. ಕಲಾವಿದರ ಹೊಟ್ಟೆಪಾಡಿಗೆ ಸಂಬಂಧಿಸಿದ್ದರಿಂದ ಬಹಳ ಮುಖ್ಯವಾದದ್ದು.

ಇಷ್ಟು ಹೇಳಿದ ಮೇಲೆ ನನಗಿರುವ ಒಂದು ಅಸಮಾಧಾನವನ್ನೂ ಹೇಳಲೇಬೇಕು. ಪರದೆಯ ಮೇಲೆ ಮೂಡುವುದು ಹಾಡಿನ ಶೀರ್ಷಿಕೆ, ಹಾಡಿದವರ ಹೆಸರು, ಆಲ್ಬಮ್ಮಿನ ಚಿತ್ರ. ಹಾಡನ್ನು ಬರೆದವರು ಯಾರು, ರಾಗ ಹಾಕಿದವರು ಯಾರು, ಜೊತೆಯಲ್ಲಿ ನುಡಿಸಿದವರು ಯಾರು ಎಂಬುದು ಎಷ್ಟೋ ವೇಳೆ ಅಲ್ಲಿರುವುದಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಮೇಲಿನ ಅಂಗೈಯಷ್ಟು ಜಾಗದ ಚೀಟಿಯಲ್ಲೂ ಕವಿಯ ಹೆಸರಿಗೆ ಎಡೆಯಿರುತ್ತಿತ್ತು. ಹಾಡಿನ ಲೋಕ ಈ ಭೇದವನ್ನು ಅರಿಯದ್ದೇನಲ್ಲ: ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಅಂತರರಾಷ್ಟ್ರೀಯ ಸಂಕೇತವಿದೆ, ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆಯೇ ಸಂಕೇತವಿದೆ. ಒಂದು ಕೃತಿಗೆ ನೂರು ಮುದ್ರಣಗಳಿರಬಹುದು. ಆ್ಯಪ್ ಮುದ್ರಣದ ಬಾಗಿಲಿನವರೆಗೆ ನಮ್ಮನ್ನು ಕರೆತಂದು ನಿಲ್ಲಿಸುತ್ತದೆ. ಕೃತಿಯ ಒಳಮನೆಗೆ ನಾವೇ ಹೋಗಬೇಕು. ಹೆಸರು ಸಿಕ್ಕಿದ ಕೂಡಲೇ ಫೋನನ್ನು ಜೇಬಿಗಿಳಿಸದೆ, ಇದನ್ನು ಬರೆದವರು ಯಾರು ಎಂದು ಇನ್ನೊಂದು ನಿಮಿಷ ಹುಡುಕಿ ಎಂದು ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಮನೋಧರ್ಮದ ಸಂಗೀತದಲ್ಲಿ, ಅಂದರೆ ಕಲಾವಿದ ಆ ಕ್ಷಣಕ್ಕೆ ಹೊಳೆದಂತೆ ಕಟ್ಟುತ್ತ ಹೋಗುವ ಸಂಗೀತದಲ್ಲಿ ಬೆರಳಚ್ಚು ಸೋಲುತ್ತದೆ. ಎರಡು ಆಲಾಪನೆಗಳು ಎಂದೂ ಒಂದೇ ಆಗಿರುವುದಿಲ್ಲ. ರಾಗವನ್ನು ಗುರುತಿಸುವುದು ಚುಕ್ಕೆಗಳನ್ನು ಹೋಲಿಸುವ ಕೆಲಸವಲ್ಲ, ಸಂಚಾರಗಳನ್ನೂ ಗಮಕಗಳನ್ನೂ ಅರಿಯುವ ಕೆಲಸ. ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರ್ರಾ ಅವರ ಮುಂದಾಳತ್ವದಲ್ಲಿ 2011ರಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಯೋಜನೆ ಹಿಂದುಸ್ತಾನಿ, ಕರ್ನಾಟಕ, ತುರ್ಕಿಯ ಮಕಾಮ್, ಅರಬ್-ಆಂಡಲೂಸಿಯ, ಬೀಜಿಂಗ್ ಒಪೆರಾ ಎಂಬ ಐದು ಪರಂಪರೆಗಳನ್ನು ಆರಿಸಿಕೊಂಡು, ಆಯಾ ಸಂಗೀತದ ಪರಿಭಾಷೆಯಲ್ಲಿಯೇ ಯಂತ್ರಕ್ಕೆ ಕೇಳುವುದನ್ನು ಕಲಿಸಲು ಹೊರಟಿತು. ಅದು ಸಂಶೋಧನೆಯ ದಾರಿ. ಕೈಯಲ್ಲಿರುವ ಆ್ಯಪ್‌ನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೈಕು ಸದಾ ಕೇಳಿಸಿಕೊಳ್ಳುತ್ತಿರುತ್ತದೆಯೇ ಎಂಬ ಆತಂಕ ಅನೇಕರಿಗಿದೆ. ಬಹುತೇಕ ಆ್ಯಪ್‌ಗಳು ಗುಂಡಿ ಒತ್ತಿದಾಗ ಮಾತ್ರ ಕೇಳುತ್ತವೆ, ಶಜಾಮ್ ಫೋನಿನಲ್ಲೇ ಬೆರಳಚ್ಚು ತೆಗೆದು ಅದನ್ನಷ್ಟೇ ಕಳುಹಿಸುತ್ತದೆ. ಶಿಖರಗಳ ಚುಕ್ಕೆಗಳಿಂದ ನಿಮ್ಮ ಮಾತನ್ನು ಮರಳಿ ಕಟ್ಟಲು ಬರುವುದಿಲ್ಲ. 2017ರ ಪಿಕ್ಸೆಲ್ 2 ಫೋನಿನಲ್ಲಿ ಗೂಗಲ್ ತಂದ ಏರ್ಪಾಟು ತಾನಾಗಿಯೇ ಕೇಳುತ್ತಿರುತ್ತದೆ, ಆದರೆ ಹೋಲಿಕೆಯೆಲ್ಲ ಫೋನಿನೊಳಗೇ ಇಟ್ಟಿರುವ ಪುಟ್ಟ ಭಂಡಾರದೊಂದಿಗೆ ನಡೆಯುತ್ತದೆ. ಹೀಗಿದ್ದರೂ ಜಾಗದ ಅನುಮತಿ ಕೊಟ್ಟಿದ್ದರೆ, ಯಾವ ಹಾಡನ್ನು ಎಲ್ಲಿ ಕೇಳಿದಿರಿ ಎಂಬುದೂ ದಾಖಲಾಗುತ್ತದೆ ಎಂಬುದು ನೆನಪಿರಲಿ. ಐಫೋನಿನಲ್ಲಿ ಮೈಕು ತೆರೆದಿರುವಾಗ ಪರದೆಯ ಮೇಲ್ಭಾಗದಲ್ಲಿ ಕಿತ್ತಳೆ ಚುಕ್ಕೆಯೂ, ಆಂಡ್ರಾಯ್ಡ್ 12 ಮತ್ತು ಅದರ ಮುಂದಿನವುಗಳಲ್ಲಿ ಹಸಿರು ಗುರುತೂ ಕಾಣುತ್ತವೆ. ಅದನ್ನು ನೋಡುವ ಅಭ್ಯಾಸ ಒಳ್ಳೆಯದು.

ಬಳಸುವಾಗ ಎರಡು ಮಾತು ಗಮನದಲ್ಲಿಡಿ. ಸಾಮಾನ್ಯವಾಗಿ ಫೋನಿನ ತಳದಲ್ಲಿರುವ ಮೈಕಿನ ತೂತನ್ನು ಅಂಗೈ ಮುಚ್ಚದಂತೆ ಹಿಡಿಯಿರಿ, ಸಾಧ್ಯವಾದರೆ ಸದ್ದು ಬರುವ ಕಡೆಗೆ ಎರಡು ಹೆಜ್ಜೆ ನಡೆಯಿರಿ. ಅಂತರ್ಜಾಲ ಸಂಪರ್ಕ ಇಲ್ಲವೆಂದು ಬಿಡಬೇಡಿ. ಶಜಾಮ್ ಬೆರಳಚ್ಚನ್ನು ಉಳಿಸಿಟ್ಟುಕೊಂಡು ಸಂಪರ್ಕ ಬಂದಾಗ ಹೆಸರು ಹೇಳುತ್ತದೆ. ಹಾಡು ಮಾತ್ರ ಕಾಯುವುದಿಲ್ಲ, ಆದ್ದರಿಂದ ಗುಂಡಿ ಒತ್ತುವುದು ಮೊದಲು, ಉಳಿದದ್ದೆಲ್ಲ ಆಮೇಲೆ.

ಭಂಡಾರದಲ್ಲಿ ಹೆಸರು ಇರುವುದು ಯಾರೋ ಬರೆದಿಟ್ಟಿದ್ದರಿಂದ ಎಂಬುದನ್ನು ನಾವು ಮರೆಯುತ್ತೇವೆ. ಯಂತ್ರ ಹೋಲಿಸುತ್ತದೆ, ಹೆಸರಿಡುವುದಿಲ್ಲ. ಎಲ್ಲರೂ ಬರೆಯಬಹುದಾದ ಭಂಡಾರಗಳೂ ಇವೆ. 2000ದಲ್ಲಿ ರಾಬರ್ಟ್ ಕೇ ಆರಂಭಿಸಿದ ಮ್ಯೂಸಿಕ್‌ಬ್ರೇನ್ಸ್ ಅಂಥದ್ದು. ಅಲ್ಲಿ ಕೃತಿ, ಧ್ವನಿಮುದ್ರಣ ಎರಡಕ್ಕೂ ಬೇರೆ ಬೇರೆ ಪುಟಗಳಿವೆ, ಬರೆದವರು, ರಾಗ ಹಾಕಿದವರು, ನುಡಿಸಿದವರು ಎಲ್ಲರಿಗೂ ಜಾಗವಿದೆ. ಅದರೊಂದಿಗೆ ಹೊಂದಿಕೊಂಡ ಅಕೌಸ್ಟ್‌ಐಡಿ ಎಂಬ ಸೇವೆ ಬೆರಳಚ್ಚುಗಳನ್ನು ಕಾಪಾಡುತ್ತದೆ. ಗದ್ದಲದಲ್ಲಿ ಹಿಡಿದ ತುಣುಕಿಗಲ್ಲ, ಇಡೀ ಕಡತಕ್ಕೆ ಹೆಸರು ಹುಡುಕಲು ಅದು ಇರುವುದು. ನನ್ನ ಕ್ಯಾಸೆಟ್ಟಿನ ಹೆಸರು ಸಿಗದ ಮೂರು ಹಾಡುಗಳಲ್ಲಿ ಎರಡನ್ನು ಹಿರಿಯ ಸಂಬಂಧಿಕರೊಬ್ಬರು ಕೇಳಿದ ತಕ್ಷಣ ಗುರುತಿಸಿ, ಕವಿಯ ಹೆಸರನ್ನೂ ಹೇಳಿದರು. ವೇಗ ಸರಿಪಡಿಸಿದ ಕಡತಗಳ ಬೆರಳಚ್ಚನ್ನು ಕಳುಹಿಸಿ, ಹಾಡಿದವರು, ಬರೆದವರು ಎಂಬ ಅಂಕಣಗಳನ್ನು ತುಂಬಿದೆ. ಪಿಟೀಲು ನುಡಿಸಿದವರು ಯಾರೆಂದು ನಮಗಿಬ್ಬರಿಗೂ ತಿಳಿಯದ್ದರಿಂದ ಆ ಅಂಕಣವನ್ನು ಖಾಲಿ ಬಿಟ್ಟೆ. ಏಳೆಂಟು ತಿಂಗಳ ಬಳಿಕ ಮತ್ತೆ ಆ ಪುಟ ತೆರೆದಾಗ, ನನಗೆ ಪರಿಚಯವಿಲ್ಲದ ಯಾರೋ ಅಲ್ಲಿ ಪಿಟೀಲು ವಾದಕರ ಹೆಸರನ್ನು ಬರೆದಿದ್ದರು.